ಪದಚರ್ಚೆ: ‘ದಿನ ತುಂಬದ ಮಗು’ ಹೈಸ್ಕೂಲಿಗೆ ಬಂದ ಮೇಲೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದೆರಡು ಪದಗಳಿಗಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ, ನಿಮ್ಮ ಸಹಾಯ ಬೇಕು. ತುಂಬಾ ಬೇಗ ಹುಟ್ಟಿ, ಈಗ ಹೈಸ್ಕೂಲು ಓದುತ್ತಿರುವ ಮಕ್ಕಳ ಕಣ್ಣಿನ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಆ ಮಕ್ಕಳೇ ಓದಬೇಕು ಅಂತ ನನ್ನಾಸೆ. ಕರಡಿಗೆ ‘ದಿನ ತುಂಬದ ಮಕ್ಕಳ ಕಣ್ಣಿನ ಬೆಳವಣಿಗೆ’ ಅಂತ ಹೆಸರಿಟ್ಟು ಅಕ್ಕನ ಮಗಳ ಕೈಗೆ ಕೊಟ್ಟೆ. ಅವಳು ಹುಟ್ಟಿದ್ದು ಬಸುರಿನ 30ನೇ ವಾರಕ್ಕೆ, ಈಗ 14 ವರ್ಷ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದಳು. ಆಮೇಲೆ ಕೇಳಿದಳು: “ಚಿಕ್ಕಮ್ಮ, ನಂಗಿನ್ನೂ ದಿನ ತುಂಬಿಲ್ವಾ?”

ಅವಳು ಕೇಳಿದ್ದು ಸರಿಯಾಗೇ ಇದೆ. ‘ತುಂಬದ’ ಅನ್ನುವ ರೂಪಕ್ಕೆ ಕಾಲವೇ ಇಲ್ಲ. ‘ಓದದ ಹುಡುಗ’ ಅಂದರೆ ನಿನ್ನೆ ಓದದವನೂ ಆಗಬಹುದು, ಇವತ್ತಿಗೂ ಓದದವನೂ ಆಗಬಹುದು. ತೊಟ್ಟಿಲಲ್ಲಿರುವ ಕೂಸಿಗೆ ಒಪ್ಪುವ ಮಾತು ಹದಿಹರೆಯದವಳಿಗೆ ಹಚ್ಚಿದಾಗ, ಅವಳಲ್ಲಿ ಇನ್ನೂ ಏನೋ ಕಮ್ಮಿ ಇದೆ ಅಂತ ಕೇಳಿಸುತ್ತದೆ. ಅಷ್ಟಕ್ಕೂ ಆ ದಿನಗಳು ತಾಯಿಯವು, ‘ದಿನ ತುಂಬಿದ ಬಸುರಿ’ ಅಂತೀವಲ್ಲ ಹಾಗೆ.

ಉಳಿದವನ್ನೂ ನೋಡಿದೆ. ‘ಅಕಾಲಿಕ’ ಅಂದ ಕೂಡಲೇ ಮಳೆ ಅಥವಾ ಮರಣ ನೆನಪಾಗುತ್ತದೆ, ಅದು ಬೇಡವೇ ಬೇಡ. ‘ಅವಧಿಪೂರ್ವ’ ಅರ್ಥಕ್ಕೆ ಸರಿ, ಆದರೆ ಯಾರ ಬಾಯಲ್ಲೂ ಇಲ್ಲ. ‘ಏಳು ತಿಂಗಳ ಮಗು’ ಅಂದರೆ ಹುಟ್ಟಿ ಏಳು ತಿಂಗಳಾದ ಮಗುವೂ ಹೌದು, ಮೇಲಾಗಿ ನನ್ನ ಕರಪತ್ರ ಏಳು ತಿಂಗಳಿಗೆ ಹುಟ್ಟಿದವರಿಗಷ್ಟೇ ಅಲ್ಲ, 37 ವಾರಕ್ಕಿಂತ ಮೊದಲು ಹುಟ್ಟಿದವರೆಲ್ಲ ಅದರ ಲೆಕ್ಕಕ್ಕೆ ಬರುತ್ತಾರೆ. ‘ಮುಂಚೆ ಹುಟ್ಟಿದವಳು’ ಅಂದರೆ ಅಕ್ಕ! ಸದ್ಯಕ್ಕೆ ‘ಬೇಗ ಹುಟ್ಟಿದವರು’ ಅಂತ ಇಟ್ಟುಕೊಂಡಿದ್ದೇನೆ.

ಈ ಪದ ಈಗಲೇ ಯಾಕೆ ಬೇಕು ಅಂದರೆ, 2008ರಿಂದ ಕರ್ನಾಟಕದಲ್ಲಿ ಕಿಡ್ರಾಪ್ ಅನ್ನುವ ಯೋಜನೆ ನಡೆಯುತ್ತಿದೆ. ಜಿಲ್ಲೆಗಳ ಆಸ್ಪತ್ರೆಗಳಿಗೆ ಕ್ಯಾಮೆರಾ ತಗೊಂಡು ಹೋಗಿ, ಕೂಸುಗಳ ಕಣ್ಣಿನ ಫೋಟೋ ತೆಗೆದು, ಬೇಗ ಹುಟ್ಟಿದ ಕೂಸುಗಳ ರೆಟಿನಾಕ್ಕೆ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪದರಕ್ಕೆ) ಬರುವ ಆರ್‌ಒಪಿ ಅನ್ನುವ ತೊಂದರೆಯನ್ನು ಬೇಗ ಹಿಡಿಯುವ ಕೆಲಸ ಅದು. ಮೊದಲ ವರ್ಷಗಳ ಆ ಕೂಸುಗಳು ಈಗ ಮೀಸೆ ಮೂಡುವ ವಯಸ್ಸಿನವರು. ಕೂಸಿನ ಪದಗಳಿಂದಲೇ ಅವರನ್ನು ಕರೆಯುವುದು ಸರಿಯಲ್ಲ ಅಲ್ವಾ?

ಎರಡನೆಯದು ‘ರೆಟಿನಾ’. ಪಠ್ಯಪುಸ್ತಕದಲ್ಲಿ ಅಕ್ಷಿಪಟಲ, ಜನ ಅನ್ನುವುದು ‘ಕಣ್ಣಿನ ಪರದೆ’. ಆದರೆ ಅದು ಎಷ್ಟೋ ಜನರ ಕಿವಿಗೆ ‘ಪೊರೆ’ ಅಂತ ಬಿದ್ದು, ಅಜ್ಜಿಗೆ ಆಪರೇಷನ್ ಮಾಡಿಸಿದ ಪೊರೆಯ ಜೊತೆ ಸೇರಿಹೋಗುತ್ತದೆ. ನಾನು ರೆಟಿನಾ ಅಂತಲೇ ಬರೆದಿದ್ದೇನೆ. ಇದರ ರಕ್ತನಾಳಗಳು ಸುಮಾರು 16ನೇ ವಾರಕ್ಕೆ ಕಣ್ಣಿನ ನರದ ಬುಡದಿಂದ ಹೊರಟು, ಹೆರಿಗೆಯ ಹೊತ್ತಿಗೆ ಅಂಚು ಮುಟ್ಟುತ್ತವೆ. ಬೇಗ ಹುಟ್ಟಿದವರಲ್ಲಿ ಈ ಕೆಲಸದ ಕೊನೇ ಭಾಗ ಹೊರಗಿನ ಗಾಳಿ ಬೆಳಕಿನಲ್ಲೇ ನಡೆಯಬೇಕು; ಅದು ದಾರಿ ತಪ್ಪಿದರೆ ಆಗುವುದೇ ಆರ್‌ಒಪಿ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಬೆಳವಣಿಗೆ ಕುಂಠಿತ’ ಅನ್ನುವ ಮಾತು. ರೆಟಿನಾದ ನಡುವೆ, ಅತಿ ಸ್ಪಷ್ಟವಾಗಿ ನೋಡುವ ಕಡೆ, ಒಂದು ಪುಟ್ಟ ಗುಳಿ ಇರುತ್ತದೆ. ಅಲ್ಲಿನ ಒಳಪದರಗಳು ಪಕ್ಕಕ್ಕೆ ಸರಿದು ಅದು ಆಗುವಂಥದ್ದು. ಬೇಗ ಹುಟ್ಟಿದ ಎಷ್ಟೋ ಮಕ್ಕಳಲ್ಲಿ ಪದರಗಳು ಪೂರ್ತಿ ಸರಿದಿರುವುದಿಲ್ಲ, ಗುಳಿ ಆಳವಿರುವುದಿಲ್ಲ. ಹಾಗಿದ್ದೂ ಹಲವರು ಬೋರ್ಡಿನ ಅಕ್ಷರ ಚೆನ್ನಾಗಿ ಓದುತ್ತಾರೆ. ‘ಸಮೀಪದೃಷ್ಟಿ’ಯೂ ಹಾಗೇ. ಕಣ್ಣುಗುಡ್ಡೆ ಉದ್ದವಾದ್ದರಿಂದ ದೂರದ್ದು ಮಂಜು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆರ್‌ಒಪಿ ಆಗಿದ್ದ ಮಕ್ಕಳಲ್ಲಿ ಎಷ್ಟೋ ಸಲ ಗುಡ್ಡೆ ಉದ್ದವೇ ಇರುವುದಿಲ್ಲ, ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾ ಜಾಸ್ತಿ ಬಾಗಿರುತ್ತದೆ, ಮಸೂರ ದಪ್ಪಗಿರುತ್ತದೆ. ಇದನ್ನೆಲ್ಲ ಕುಂಠಿತ ಅನ್ನೋಕೆ ನನಗೆ ಮನಸ್ಸಿಲ್ಲ. ‘ಬೇರೆ ಥರ ಬೆಳೆದ ಕಣ್ಣು’ ಅಂದರೆ ಹೇಗೆ? ಮತ್ತೆ ಆ ಗುಳಿಗೆ ‘ನೋಟಗುಳಿ’ ಅನ್ನಬಹುದಾ? ಬರೀ ‘ಕಣ್ಣಿನ ಗುಳಿ’ ಅಂದರೆ ಬುರುಡೆಯ ಗುಳಿ ಅಂದುಕೊಳ್ಳುತ್ತಾರೆ.

ಕೊನೆಯದು ತುರ್ತಿನದು. ಆರ್‌ಒಪಿ ಆಗಿದ್ದವರಲ್ಲಿ ಕೆಲವರಿಗೆ, ಹದಿಹರೆಯದಲ್ಲೋ ಇನ್ನೂ ಆಮೇಲೋ, ರೆಟಿನಾ ತನ್ನ ಜಾಗದಿಂದ ಎದ್ದುಬರಬಹುದು. ಡಾಕ್ಟರ ಬರವಣಿಗೆಯಲ್ಲಿ ಅದು ‘ಅಕ್ಷಿಪಟಲ ಬೇರ್ಪಡುವಿಕೆ’. ‘ಕಿತ್ತು ಬರುತ್ತದೆ’ ಅಂತ ಬರೆದರೆ ಮಕ್ಕಳು ಹೆದರುತ್ತಾರೆ, ‘ಸಡಿಲವಾಗುತ್ತದೆ’ ಅಂದರೆ ಸುಮ್ನೆ ಇದ್ದುಬಿಡುತ್ತಾರೆ. ಗೋಡೆಯ ಗಾರೆ ‘ಬಿಟ್ಟುಕೊಳ್ಳುತ್ತದೆ’ ಅಂತೀವಲ್ಲ, ಆ ಮಾತು ಇಲ್ಲಿ ಸರಿಹೋಗುತ್ತದಾ? ಕಣ್ಣಲ್ಲಿ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆ ಒಮ್ಮೆಲೇ ಜಾಸ್ತಿಯಾದರೆ, ಒಂದು ಪಕ್ಕದಿಂದ ನೆರಳು ಇಳಿದ ಹಾಗಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು ಅವರಿಗೆ ತಟ್ಟಬೇಕು. ನಿಮ್ಮ ಕಡೆ ಮನೆಯಲ್ಲಿ ಇದಕ್ಕೆ ಏನಂತೀರಿ, ದಯವಿಟ್ಟು ಬರೆಯಿರಿ.