ಬಿಸಿಲಿನಲ್ಲಿ ಓಡಾಡುವವಳ ಮುಖಕ್ಕೆ ದಿನವೂ ಬೇಕಾದದ್ದೇನು?

ನಾಲೆ ಏರಿಯವಳು, ಪಾಂಡವಪುರ:

ನನಗೆ 36 ವರ್ಷ. ಮಹಿಳಾ ಸಂಘಗಳ ಸಾಲದ ಕಂತು ವಸೂಲಿ ಮಾಡಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಎಂಟೂವರೆಗೆ ಸ್ಕೂಟರ್ ಹತ್ತಿದರೆ ಮಧ್ಯಾಹ್ನ ಎರಡರವರೆಗೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ಕಬ್ಬಿನ ಗದ್ದೆಗಳ ನಡುವೆ ಊರೂರು ತಿರುಗುತ್ತೇನೆ. ಎರಡನೆಯ ಬಸಿರಿನಲ್ಲಿ ಕೆನ್ನೆಯ ಮೇಲೆ ತಿಳಿಯಾಗಿ ಬಂದಿದ್ದ ಬಂಗು ಈಗ ಮೇಲ್ದುಟಿಯವರೆಗೂ ಹರಡಿ ಕಡುಗಂದಾಗಿದೆ. ಹೋದಲ್ಲೆಲ್ಲ ಹೆಂಗಸರು ಮೊದಲು ಅದನ್ನೇ ವಿಚಾರಿಸುತ್ತಾರೆ.

ಕಳೆದ ವಾರ ಮೈಸೂರಿನಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಕ್ಲೆನ್ಸರ್, ಟೋನರ್, ಸೀರಮ್, ಕಣ್ಣಿನ ಕ್ರೀಮ್ ಎಂದು ಏಳು ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಬೆಲೆ ಕೇಳಿ ಬರಿಗೈಯಲ್ಲಿ ಬಸ್ ಹತ್ತಿದೆ. ತಿಂಗಳಿಗೆ 600 ರೂಪಾಯಿಗಿಂತ ಹೆಚ್ಚು ನನ್ನಿಂದ ಆಗದು. ಈಗ ಮೈ ಸೋಪಿನಲ್ಲೇ ದಿನಕ್ಕೆ ನಾಲ್ಕು ಬಾರಿ ಮುಖ ತೊಳೆಯುತ್ತೇನೆ, ಅಷ್ಟು ಧೂಳು. ಭಾನುವಾರ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚುತ್ತೇನೆ. ರಾತ್ರಿ ಪಕ್ಕದ ಮನೆಯವರು ಹೇಳಿದ, ಔಷಧ ಅಂಗಡಿಯಲ್ಲಿ ಸಿಗುವ ಒಂದು ಕ್ರೀಮ್. ಆ ಏಳರಲ್ಲಿ ನಿಜವಾಗಿ ಬೇಕಾದದ್ದು ಯಾವುದು? ತಿಳಿದವರು ದಯವಿಟ್ಟು ಹೇಳಿ.

ಮೈದಾನದ ಟೀಚರ್, ಮಂಡ್ಯ:

ಅಕ್ಕ, ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹನ್ನೊಂದು ವರ್ಷ ಮೈದಾನದಲ್ಲಿ ನಿಂತಿದ್ದೇನೆ, ಬಂಗು ನನಗೂ ಬಂದಿತ್ತು. ಏಳರಲ್ಲಿ ಮೂರು ಸಾಕು: ಮೃದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಟೋನರ್ ಇಲ್ಲದೆ ಯಾರ ಮುಖವೂ ಕೆಟ್ಟಿಲ್ಲ.

ನಾಲ್ಕು ಬಾರಿ ಸೋಪು ಬೇಡವೇ ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಸಾಮಾನ್ಯ ಸೋಪು ಕ್ಷಾರೀಯ. ಪದೇ ಪದೇ ಹಚ್ಚಿದರೆ ಚರ್ಮದ ಸ್ವಂತ ಎಣ್ಣೆಯೂ ಹೋಗಿ ಬಿಗಿದು ಉರಿಯುತ್ತದೆ. ಅದರ ಮೇಲೆ ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡುವುದೂ ಇಲ್ಲ. ಬೆಳಿಗ್ಗೆ ಒಮ್ಮೆ, ಮನೆಗೆ ಬಂದ ಮೇಲೆ ಒಮ್ಮೆ ಫೇಸ್‌ವಾಶ್, ನಡುವೆ ಬರೀ ನೀರು. ಒದ್ದೆ ಆರುವ ಮೊದಲೇ ಮಾಯಿಶ್ಚರೈಸರ್. ಸುವಾಸನೆ ಇಲ್ಲದ, ಅಗ್ಗದ ಬಿಳಿ ಲೋಷನ್ ಆದರೂ ನಡೆಯುತ್ತದೆ.

ಹಣವನ್ನೆಲ್ಲ ಸನ್‌ಸ್ಕ್ರೀನ್‌ಗೆ ಹಾಕಿ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಹೆಚ್ಚು ಇರಲಿ, ಜೊತೆಗೆ ‘ಬ್ರಾಡ್ ಸ್ಪೆಕ್ಟ್ರಮ್’, ಅಂದರೆ ಯುವಿಎ, ಯುವಿಬಿ ಎರಡೂ ಬಗೆಯ ನೇರಳಾತೀತ ಕಿರಣ ತಡೆಯುವಂಥದ್ದು, ಎಂದು ಬರೆದಿರಲಿ. 30 ಸುಮಾರು ಶೇ 97ರಷ್ಟು ಯುವಿಬಿ, ಅಂದರೆ ಚರ್ಮ ಸುಡುವ ಕಿರಣಗಳನ್ನು ತಡೆದರೆ 50 ಸುಮಾರು ಶೇ 98ರಷ್ಟನ್ನು ತಡೆಯುತ್ತದೆ, ಆದ್ದರಿಂದ ಅಂಕಿಗಿಂತ ಹಚ್ಚುವ ಪ್ರಮಾಣವೇ ಮುಖ್ಯ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ, ಅಷ್ಟನ್ನೂ ಮುಖಕ್ಕೆ, ಕತ್ತಿಗೆ ಹಚ್ಚಿ. ನಾನು ಮೊದಲ ವರ್ಷ ಕಡಲೆಕಾಳಿನಷ್ಟು ಹಚ್ಚಿ, ಏನೂ ಪ್ರಯೋಜನವಿಲ್ಲ ಎಂದು ಬಿಟ್ಟಿದ್ದೆ. ಮನೆಯಿಂದ ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಹೀಗೆ ಬಳಸಿದರೆ 50 ಗ್ರಾಮಿನ ಟ್ಯೂಬ್ ಒಂದು ತಿಂಗಳು ಬರುವುದು ಕಷ್ಟ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಎಂಬ ಬಣ್ಣದ ಪುಡಿ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ.

ಹೆಸರುಹಿಟ್ಟು, ಮೈಸೂರು:

ನಮ್ಮ ಅಜ್ಜಿ ಎಪ್ಪತ್ತೆಂಟರವರೆಗೂ ಹೆಸರುಹಿಟ್ಟು ಬಿಟ್ಟು ಬೇರೇನನ್ನೂ ಮುಖಕ್ಕೆ ಮುಟ್ಟಿಸಲಿಲ್ಲ. ಗದ್ದೆ ಕೆಲಸ ಮಾಡಿದವರು, ಒಂದು ಕಲೆ ಇರಲಿಲ್ಲ. ಇಷ್ಟೆಲ್ಲ ರಾಸಾಯನಿಕ ಬೇಕೇ?

ನಿವೃತ್ತ ದಾದಿ, ಸರಸ್ವತಿಪುರಂ:

ಹೆಸರುಹಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ, ಗಟ್ಟಿಯಾಗಿ ಉಜ್ಜದಿದ್ದರೆ ಸರಿ. ಆದರೆ ನಿಮ್ಮ ಅಜ್ಜಿ ಗದ್ದೆಗೆ ಇಳಿಯುವಾಗ ಸೆರಗನ್ನು ತಲೆಯ ಮೇಲೆ ಹಣೆ ಮುಚ್ಚುವಂತೆ ಹೊದ್ದುಕೊಳ್ಳುತ್ತಿರಲಿಲ್ಲವೇ? ಅವರ ಸನ್‌ಸ್ಕ್ರೀನ್ ಅದು. ಬಂಗು ಬರುವುದರಲ್ಲಿ ವಂಶದ ಪಾಲೂ ಇದೆ, ಕೆಲವರಿಗೆ ಬರುವುದೇ ಇಲ್ಲ.

ಪಾಂಡವಪುರದ ತಂಗಿ, ಟೀಚರಮ್ಮ ಹೇಳಿದ್ದೆಲ್ಲ ಸರಿ. ನನಗೆ ಚಿಂತೆಯಾದದ್ದು ನೀನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ಆ ರಾತ್ರಿಯ ಕ್ರೀಮು. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಬಹಳ ವರ್ಷ ಇದ್ದವಳು ನಾನು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ? ಎಷ್ಟು ದಿನದಿಂದ ಹಚ್ಚುತ್ತಿದ್ದೀಯ? ಮೊದಲು ಬೆಳ್ಳಗಾಗಿ ಈಗ ಬಿಸಿಲಿಗೆ, ಒಲೆಯ ಮುಂದೆ ಮುಖ ಕೆಂಪಾಗಿ ಉರಿಯುತ್ತದೆಯೇ?

ನಿಂಬೆರಸವನ್ನು ಇಂದೇ ನಿಲ್ಲಿಸು. ನಿಂಬೆ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟು, ಅದೇ ಜಾಗ ಕಪ್ಪಾಗುವುದುಂಟು. ಕಲೆ ಹೋಗಲೆಂದು ಹಚ್ಚಿ ಕಲೆ ತರಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ನಾಲೆ ಏರಿಯವಳು, ಪಾಂಡವಪುರ:

ಅಮ್ಮ, ನೋಡದೆಯೇ ಹೇಳಿಬಿಟ್ಟಿರಿ. ಎಂಟು ತಿಂಗಳಾಯಿತು. ಮೊದಲ ತಿಂಗಳು ಎಲ್ಲರೂ ‘ಮುಖ ಎಷ್ಟು ತಿಳಿಯಾಯಿತು’ ಎಂದರು. ಈಗ ಒಂದು ರಾತ್ರಿ ಬಿಟ್ಟರೂ ಉರಿ, ಸಣ್ಣ ಸಣ್ಣ ಗುಳ್ಳೆ. ಆದ್ದರಿಂದ ಬಿಡಲಾಗದೆ ಹಚ್ಚುತ್ತಲೇ ಇದ್ದೇನೆ. ಮಗಳ ಕೈಯಲ್ಲಿ ಓದಿಸಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಅಂಗಡಿಯವರು ಚೀಟಿ ಕೇಳಲಿಲ್ಲ. ಇದು ವಿಷವೇ?

ನಿವೃತ್ತ ದಾದಿ, ಸರಸ್ವತಿಪುರಂ:

ವಿಷವಲ್ಲ ತಂಗಿ, ಔಷಧ. ವೈದ್ಯರು ಬಂಗಿಗೇ ಇದನ್ನು ಬರೆಯುತ್ತಾರೆ, ಆದರೆ ಕೆಲವೇ ವಾರಗಳಿಗೆ, ನಡುನಡುವೆ ಮುಖ ನೋಡಿಕೊಂಡು. ಮೊಮೆಟಾಸೋನ್ ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಕೆಲವರಿಗೆ ಗಲ್ಲದ ಮೇಲೆ ಕೂದಲೂ ಬರುತ್ತದೆ. ಬಿಟ್ಟ ಕೂಡಲೇ ಉರಿಯುವುದು ಅದರದೇ ಗುಣ, ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ, ನಿನಗಾದಂತೆ. ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ ಬಹುಕಾಲ ಬಳಸಿದರೆ ಕೆಲವರಲ್ಲಿ ನೀಲಿಗಪ್ಪು ಬಣ್ಣ ಕೂರುತ್ತದೆ, ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ. ಮುಲಾಮಿನ ರೂಪದ ಸ್ಟೆರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಹೀಗಿದ್ದೂ ಹೆಣ್ಣುಮಕ್ಕಳ ಕೈಗೆ ಸುಲಭವಾಗಿ ಬರುತ್ತಿರುವುದು ನನಗೆ ಸಂಕಟದ ವಿಷಯ.

ಎಂಟು ತಿಂಗಳ ಮೇಲೆ ನೀನೇ ಧೈರ್ಯ ಮಾಡಿ ಒಂದೇ ಸಲಕ್ಕೆ ನಿಲ್ಲಿಸಬೇಡ, ವೈದ್ಯರಿಗೆ ತೋರಿಸದೆ ಹೀಗೇ ಮುಂದುವರಿಸಲೂ ಬೇಡ. ಈ ವಾರವೇ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಚರ್ಮರೋಗ ವಿಭಾಗದಲ್ಲಿ ತೋರಿಸು. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು, ಎಂಟು ತಿಂಗಳು ಎಂದು ಮುಚ್ಚುಮರೆಯಿಲ್ಲದೆ ಹೇಳು. ಹೇಗೆ ಇಳಿಸಿ ಬಿಡಿಸಬೇಕೆಂದು ಅವರು ಹೇಳುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳು, ಅದರಿಂದಲೂ ಬಂಗು ಹೆಚ್ಚುತ್ತದೆ. ಮತ್ತೊಂದು ಮಗುವಿನ ಯೋಚನೆ ಇದ್ದರೆ ತಪ್ಪದೆ ತಿಳಿಸು, ಕ್ರೀಮಿನಲ್ಲಿರುವ, ವಿಟಮಿನ್ ಎ ಬಗೆಯ ಟ್ರೆಟಿನಾಯಿನ್ ಬಸಿರಿಗೆ ಸಲ್ಲದು.

ಅಲ್ಲಿಯವರೆಗೆ ಆ ಕ್ರೀಮಿನ ಹೊರತು ಮುಖಕ್ಕೆ ತಣ್ಣೀರು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅಷ್ಟೇ. ಹಿಟ್ಟು, ಸ್ಕ್ರಬ್, ಬ್ಲೀಚ್ ಯಾವುದೂ ಬೇಡ. ಬಂಗು ಮಾಸಲು ತಿಂಗಳುಗಳೇ ಬೇಕು, ಕ್ರೀಮು ಬಿಡಿಸುವ ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಟ್ಟಂತೆ ಕಂಡರೂ ಅಳಬೇಡ.

ನಾಲೆ ಏರಿಯವಳು, ಪಾಂಡವಪುರ:

ಸೋಮವಾರದ ಎರಡು ಸಂಘಗಳ ವಸೂಲಿಯನ್ನು ಮಂಗಳವಾರಕ್ಕೆ ಹಾಕಿಸಿಕೊಂಡೆ, ಸೋಮವಾರ ಮಿಮ್ಸ್‌ಗೆ ಹೋಗುತ್ತೇನೆ. ಅಮ್ಮ, ನಿಮ್ಮ ಕಾಲಿಗೆ ನಮಸ್ಕಾರ. ಟೀಚರ್, ಒಂದು ಸಂದೇಹ. ಹನ್ನೊಂದು ಗಂಟೆಗೆಲ್ಲ ಹೆಲ್ಮೆಟ್ ಒಳಗೆ ಬೆವರು ಇಳಿಯುತ್ತಿರುತ್ತದೆ. ದಾರಿಯಲ್ಲಿ ಎರಡನೆಯ ಸಲ ಸನ್‌ಸ್ಕ್ರೀನ್ ಹಚ್ಚುವುದು ಹೇಗೆ?

ಮೈದಾನದ ಟೀಚರ್, ಮಂಡ್ಯ:

ಬೆವರಿನ ಮೇಲೆಯೇ ಹಚ್ಚಬೇಡಿ, ಜಾರಿಹೋಗುತ್ತದೆ. ನೆರಳಿನಲ್ಲಿ ಎರಡು ನಿಮಿಷ ಕುಳಿತು, ತೊಳೆದ ಹತ್ತಿಬಟ್ಟೆಯನ್ನು ಮುಖಕ್ಕೆ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ ಮತ್ತೆ ಎರಡು ಬೆರಳಿನಷ್ಟು ಹಚ್ಚಿ. ಮೂಗು, ಕೆನ್ನೆಯ ಮೂಳೆ, ಮೇಲ್ದುಟಿ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಮುಖಕ್ಕೆ ಕಟ್ಟುವ ವೇಲ್ ದಟ್ಟ ನೇಯ್ಗೆಯದಾಗಿರಲಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬಾರದು. ಟ್ಯೂಬನ್ನು ಮಾತ್ರ ಸ್ಕೂಟರಿನ ಸೀಟಿನ ಕೆಳಗೆ ಇಡಬೇಡಿ, ಆ ಬಿಸಿಗೆ ಒಡೆದು ನೀರಾಗುತ್ತದೆ. ಲೆಕ್ಕದ ಪುಸ್ತಕದ ಚೀಲದಲ್ಲಿ ಇರಲಿ.