ಬಿಸಿಲಲ್ಲಿ ಕ್ಲಚ್ ಸ್ಲಿಪ್, ಗೇರ್ ಗಟ್ಟಿ: ಹಿಮಾಲಯನ್ 411ಕ್ಕೆ ಯಾವ ಆಯಿಲ್? ದೊಡ್ಡ ಆಯಿಲ್ ಕೂಲರ್ ಬೇಕಾ?

ಹುಬ್ಬಳ್ಳಿ_411:

ಎಲ್ಲರಿಗೂ ನಮಸ್ಕಾರ. ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಓಡಿರುವುದು 38,000 ಕಿ.ಮೀ. ಮೇ ಮೊದಲ ವಾರ ಗದಗ, ಕುಷ್ಟಗಿ, ಲಿಂಗಸುಗೂರು, ಶಹಾಪುರ, ಜೇವರ್ಗಿ ದಾರಿಯಲ್ಲಿ ಕಲಬುರಗಿಗೆ ಹೋಗಿದ್ದೆ. ಹಿಂದೆ ಹೆಂಡತಿ, ಎರಡು ಬದಿ ಲಗೇಜ್.

ಲಿಂಗಸುಗೂರು ತನಕ ಏನೂ ತೊಂದರೆ ಇರಲಿಲ್ಲ. ಶಹಾಪುರ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಶುರುವಾಯಿತು. 5ನೇ ಗೇರಿನಲ್ಲಿ ಎಕ್ಸಲರೇಟರ್ ತಿರುಗಿಸಿದರೆ ಆರ್‌ಪಿಎಂ ಏರುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ನಿಂತಾಗ ನ್ಯೂಟ್ರಲ್ ಸಿಗಲ್ಲ. ಮೂರರಿಂದ ನಾಲ್ಕಕ್ಕೆ ಹಾಕುವಾಗ ಎರಡು ಸಲ ಗೇರ್ ಬೀಳದೆ ಮಧ್ಯದಲ್ಲೇ ನಿಂತಿತು. ನಿಲ್ಲಿಸಿದರೆ ಸುಟ್ಟ ಎಣ್ಣೆ ವಾಸನೆ. ಡ್ಯಾಶ್‌ನಲ್ಲಿ ಟೆಂಪರೇಚರ್ 47 ತೋರಿಸುತ್ತಿತ್ತು. ಬೇವಿನ ಮರದ ನೆರಳಲ್ಲಿ ಒಂದು ತಾಸು ಬಿಟ್ಟ ಮೇಲೆ ಸರಿಹೋಯಿತು. 30 ಕಿ.ಮೀ. ಆದಮೇಲೆ ಮತ್ತೆ ಅದೇ ಕಥೆ.

ಮೂರು ವಾರ ಹಿಂದಷ್ಟೇ ಮನೆ ಹತ್ತಿರದ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದ್ದೆ. ಜುಲೈನಲ್ಲಿ ಲಡಾಖ್ ಪ್ಲಾನ್ ಇದೆ. ಅದಕ್ಕೇ ದೊಡ್ಡ ಆಯಿಲ್ ಕೂಲರ್ ಹಾಕಿಸಿ, ಫುಲ್ ಸಿಂಥೆಟಿಕ್ ಹಾಕೋಣ ಅಂದುಕೊಂಡಿದ್ದೇನೆ. ಯಾವುದು ತಗೊಳ್ಳಲಿ ಹೇಳಿ.

ಘಾಟಿ_ಸವಾರ:

20ಡಬ್ಲ್ಯೂ-50 ಗ್ರೇಡ್ ಆಯಿಲ್ ಹಾಕಿ ಅಣ್ಣ. ನಮ್ಮ ಕಡೆ ಬಿಸಿಲಿಗೆ ಅದೇ ಸರಿ. ದಪ್ಪ ಇರುತ್ತೆ, ಎಂಜಿನ್ ತಣ್ಣಗಿರುತ್ತೆ.

ಹಳೇ_ಸ್ಪ್ಯಾನರ್:

ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಗ್ಯಾರೇಜಿನವರು ಹಾಕಿದ ಆಯಿಲ್ ಡಬ್ಬ ಸಿಕ್ಕರೆ ಅದರ ಹಿಂದಿನ ಲೇಬಲ್ ಪೂರ್ತಿ ಓದಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಲವು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಆಫ್ ಮಾಡಿ, ಇನ್ನು ಕೆಲವು ನಿಮಿಷ ಕಾದು ಆಯಿಲ್ ನೋಡುವ ಗಾಜಿನಲ್ಲಿ ಮಟ್ಟ ಎಲ್ಲಿದೆ ನೋಡಿ. ಆಯಿಲ್ ಕೂಲರಿಗೆ ಟಾರ್ಚ್ ಹಾಕಿ, ಹಿಂದಿನಿಂದ ಬೆಳಕು ಕಾಣುತ್ತಾ ನೋಡಿ. ಕೂಲರ್ ಮುಂದೆ ನೀವೇನಾದರೂ ಕೂರಿಸಿದ್ದೀರಾ ಅಂತಲೂ ಹೇಳಿ.

ಡ್ಯಾಶ್‌ನಲ್ಲಿ ಕಂಡ 47 ಎಂಜಿನ್ ಬಿಸಿ ಅಲ್ಲ. ಅದು ಹೊರಗಿನ ಗಾಳಿಯದು. ಹಾಗಾಗಿ ಎಂಜಿನ್ ಎಷ್ಟು ಕಾದಿತ್ತು ಅಂತ ಆ ನಂಬರಿನಿಂದ ಗೊತ್ತಾಗಲ್ಲ.

ಹುಬ್ಬಳ್ಳಿ_411:

ಗ್ಯಾರೇಜಿಗೆ ಹೋಗಿ ಡಬ್ಬ ಹುಡುಕಿಸಿದೆ. 10ಡಬ್ಲ್ಯೂ-30, ಎಪಿಐ ಎಸ್‌ಎನ್ ಅಂತಿದೆ. ದುಂಡನೆ ಗುರುತಿನ ಕೆಳಗೆ ರಿಸೋರ್ಸ್ ಕನ್ಸರ್ವಿಂಗ್ ಅಂತಲೂ ಇದೆ. ಜಾಸೋ ಅನ್ನುವ ಪದ ಎಲ್ಲೂ ಇಲ್ಲ. ಡಬ್ಬದ ಮೇಲೆ ಕಾರಿನ ಚಿತ್ರ ಇದೆ ಅಣ್ಣ, ಅದನ್ನು ನೋಡಿದ ಮೇಲೆ ನಿದ್ದೆ ಬಂದಿಲ್ಲ.

ಗಾಜಿನಲ್ಲಿ ಆಯಿಲ್ ಮೇಲಿನ ಗೆರೆಯನ್ನೂ ದಾಟಿದೆ. ಗಾಜು ಪೂರ್ತಿ ತುಂಬಿದೆ, ಮಟ್ಟವೇ ಕಾಣಲ್ಲ. ಕೂಲರಿನಲ್ಲಿ ಮುಕ್ಕಾಲು ಭಾಗ ಬೆಳಕು ಬರುತ್ತಿಲ್ಲ. ಹೋದ ಮಳೆಗಾಲ ಆಗುಂಬೆ, ಕುದುರೆಮುಖ ಸುತ್ತಿದ್ದೆ, ಆ ಕೆಂಪು ಮಣ್ಣು ಇನ್ನೂ ಅಲ್ಲೇ ಇದೆ. ಕೂಲರ್ ಮುಂದೆ ಜೋಡಿ ಹಾರ್ನ್ ಹಾಕಿಸಿದ್ದೇನೆ. ಅದರ ಮೇಲೆ ಸಣ್ಣ ತೂತಿನ ಕಬ್ಬಿಣದ ಜಾಲರಿ.

ಹಳೇ_ಸ್ಪ್ಯಾನರ್:

ಇಷ್ಟು ಚೆನ್ನಾಗಿ ನೋಡಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಕಾಯಿಲೆ ಇದರಲ್ಲೇ ಇದೆ.

ಮೊದಲು ಆಯಿಲ್. ಕಾರಿನಲ್ಲಿ ಎಂಜಿನ್ನಿಗೆ ಬೇರೆ ಎಣ್ಣೆ, ಗೇರ್‌ಬಾಕ್ಸಿಗೆ ಬೇರೆ. ಕ್ಲಚ್ ಒಣಗಿರುತ್ತದೆ. ನಮ್ಮ ಗಾಡಿಯಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ ಪ್ಲೇಟ್‌ಗಳು ಅದರಲ್ಲೇ ಮುಳುಗಿ ಕೆಲಸ ಮಾಡುತ್ತವೆ. ರಿಸೋರ್ಸ್ ಕನ್ಸರ್ವಿಂಗ್ ಅಂದರೆ ಪೆಟ್ರೋಲ್ ಉಳಿಸಲು ಉಜ್ಜಾಟ ಕಡಿಮೆ ಮಾಡಿದ ಎಣ್ಣೆ. ಅಂಥ ಎಣ್ಣೆಯಲ್ಲಿ ಜಾರಿಸುವ ಮದ್ದು ಇರುತ್ತದೆ. ಪಿಸ್ಟನ್ನಿಗೆ ಅದು ಒಳ್ಳೆಯದೇ. ಆದರೆ ಕ್ಲಚ್ ಪ್ಲೇಟ್ ಹಿಡಿಯಬೇಕು, ಜಾರಬಾರದು, ಅಲ್ವಾ? ಇಬ್ಬರ ಭಾರ, ಲಗೇಜ್, 5ನೇ ಗೇರು, ಎಣ್ಣೆ ಕಾದು ನೀರಾಗಿದೆ. ಸ್ಲಿಪ್ ಆಗದೆ ಇನ್ನೇನು. ಸ್ಲಿಪ್ ಆದಾಗ ಪ್ಲೇಟ್ ಇನ್ನೂ ಕಾಯುತ್ತದೆ, ಎಣ್ಣೆ ಇನ್ನೂ ತೆಳ್ಳಗಾಗುತ್ತದೆ. ಆ ಸುಟ್ಟ ವಾಸನೆಯಲ್ಲಿ ಕ್ಲಚ್ಚಿನ ಪಾಲೂ ಇದ್ದಿರಬೇಕು.

ಡಬ್ಬದ ಮೇಲೆ ಹುಡುಕಬೇಕಾದ ಪದ ಜಾಸೋ ಎಂಎ2. ಇದು ಜಪಾನಿನವರು ಮೋಟಾರ್‌ಸೈಕಲ್ ಆಯಿಲ್‌ಗೆ ಮಾಡಿದ ಅಳತೆ. ಎಂಎ2 ಅಂದರೆ ಕ್ಲಚ್ ಹಿಡಿತ ಜಾಸ್ತಿ ಇರುವ ಗುಂಪು. ಎಂಬಿ ಅಂತ ಇದ್ದರೆ ಮುಟ್ಟಬೇಡಿ, ಅದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇಲ್ಲದ ಸ್ಕೂಟರ್‌ಗಳಿಗೆ.

ಇನ್ನು ಗ್ರೇಡ್. 411ಕ್ಕೆ ಕಂಪನಿ ಹೇಳಿರುವುದು 15ಡಬ್ಲ್ಯೂ-50. ನಿಮ್ಮ ಗಾಡಿಗೆ ಬಿದ್ದಿದ್ದು 30. ಕೊನೆಯ ಅಂಕಿ ಎಣ್ಣೆ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅಂತ ಹೇಳುತ್ತದೆ. 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪ ಅಳೆಯುವ ಮಾನ) ಒಳಗೆ. 50 ಅಂದರೆ 16.3ರಿಂದ 21.9 ಒಳಗೆ. ಸುಮಾರು ಅರ್ಧದಷ್ಟು ದಪ್ಪ ಕಳೆದುಕೊಂಡು ನೀವು ಮೇ ಬಿಸಿಲಲ್ಲಿ ಶಹಾಪುರ ದಾರಿ ಹಿಡಿದಿದ್ದೀರಿ. ಗೇರ್ ಹಲ್ಲುಗಳು ಎಣ್ಣೆಯನ್ನು ಅರೆಯುವುದರಿಂದ ಆ ಇದ್ದ ದಪ್ಪವೂ ದಿನ ಕಳೆದಂತೆ ಕಡಿಮೆಯಾಗುತ್ತದೆ.

ಘಾಟಿ_ಸವಾರ ಅವರೇ, ಬೇಜಾರಾಗಬೇಡಿ. ಕಾದಾಗ 15ಡಬ್ಲ್ಯೂ-50, 20ಡಬ್ಲ್ಯೂ-50 ಎರಡೂ ಒಂದೇ ಗ್ರೇಡ್, ಏಕೆಂದರೆ ಕೊನೆಯ 50 ಒಂದೇ. ಮುಂದಿನ ಅಂಕಿ ಚಳಿಯದು. 15ಡಬ್ಲ್ಯೂ ಎಣ್ಣೆಯನ್ನು ಮೈನಸ್ 20ರಲ್ಲಿ ಪರೀಕ್ಷೆ ಮಾಡುತ್ತಾರೆ, 20ಡಬ್ಲ್ಯೂವನ್ನು ಮೈನಸ್ 15ರಲ್ಲಿ. ಕಲಬುರಗಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಇವರು ಲಡಾಖಿಗೆ ಹೊರಟಿದ್ದಾರೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಎಣ್ಣೆ ಮೇಲಕ್ಕೆ ಹೋಗಬೇಕು. ಅದಕ್ಕೆ 15ಡಬ್ಲ್ಯೂ-50ನೇ ಸರಿ. ದಪ್ಪ ಎಣ್ಣೆ ಹಾಕಿದರೆ ಎಂಜಿನ್ ತಣ್ಣಗಾಗುತ್ತದೆ ಅನ್ನುವುದೂ ನಿಜ ಅಲ್ಲ. ಕಾದ ಮೇಲೂ ಲೋಹದ ನಡುವೆ ಪದರ ಉಳಿಸುವುದು ಅದರ ಕೆಲಸ.

ಫುಲ್ ಸಿಂಥೆಟಿಕ್ ಬೇಕಾ? ಹಾಕಿದರೆ ಒಳ್ಳೆಯದೇ, ಬಿಸಿಗೆ ಬೇಗ ಕೆಡುವುದಿಲ್ಲ. ಆದರೆ ಸೆಮಿ ಸಿಂಥೆಟಿಕ್ (ಸಿಂಥೆಟಿಕ್ ಜೊತೆ ಮಾಮೂಲಿ ಎಣ್ಣೆ ಬೆರೆಸಿದ್ದು) ಹಾಕಿ ಬೇಗ ಬದಲಾಯಿಸುವುದೂ ಅಷ್ಟೇ ಒಳ್ಳೆಯದು. ಈ ಗಾಡಿಗೆ ಸೆಮಿ ಸಾಕು. ಬಿಸಿಲು, ಧೂಳು, ಇಬ್ಬರ ಸವಾರಿ ಇದ್ದರೆ 5,000 ಕಿ.ಮೀ.ಗೇ ಇಳಿಸಿಬಿಡುವುದು ನನ್ನ ರೂಢಿ.

ಮಟ್ಟ ಜಾಸ್ತಿ ಇರುವುದನ್ನು ಹಗುರವಾಗಿ ತಗೋಬೇಡಿ. ಒಳಗೆ ತಿರುಗುವ ಭಾಗಗಳು ಹೆಚ್ಚಿನ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತವೆ. ನೊರೆ ಬರುತ್ತದೆ, ಬಿಸಿ ಏರುತ್ತದೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಎಣ್ಣೆ ಹೋಗುತ್ತದೆ. ಅದನ್ನೂ ಬಿಚ್ಚಿ ನೋಡಿ.

ಈಗ ಕೂಲರ್. 411ರಲ್ಲಿ ರೇಡಿಯೇಟರ್ ಇಲ್ಲ. ಗಾಳಿ ಮತ್ತು ಎಣ್ಣೆ ಎರಡೇ ಎಂಜಿನ್ನನ್ನು ತಣ್ಣಗಿಡುವುದು. ಎಣ್ಣೆ ತಂದ ಬಿಸಿಯನ್ನು ಆ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಗಾಳಿಗೆ ಕೊಡಬೇಕು. ರೆಕ್ಕೆ ನಡುವೆ ಮಣ್ಣು ಕೂತರೆ, ಮುಂದೆ ಹಾರ್ನ್ ಅಡ್ಡ ಬಂದರೆ, ಎಷ್ಟು ದೊಡ್ಡ ಕೂಲರ್ ಹಾಕಿದರೂ ಅಷ್ಟೇ. ನಿಮಗೆ ದೊಡ್ಡದು ಬೇಡ ಅಂತ ನನ್ನ ಅಭಿಪ್ರಾಯ. ಕೆಟ್ಟ ರಸ್ತೆಯಲ್ಲಿ ಹೊಸ ಪೈಪ್, ಹೊಸ ಜಾಯಿಂಟ್ ಅಂದರೆ ಸೋರುವ ಹೊಸ ಜಾಗಗಳು. ಚಳಿ ಊರಿನಲ್ಲಿ ಎಣ್ಣೆ ಪೂರ್ತಿ ಕಾಯದೆ ಹೋದರೆ ಒಳಗಿನ ತೇವ ಆವಿಯಾಗುವುದಿಲ್ಲ. ಮಡಿಕೇರಿ, ಸಕಲೇಶಪುರದಲ್ಲಿ ಮಳೆಗಾಲ ಬರೀ ಹತ್ತಿರ ಹತ್ತಿರ ಓಡಿಸುವವರು ಆಯಿಲ್ ಮುಚ್ಚಳ ಬಿಚ್ಚಿದಾಗ ಕೆನೆ ಥರ ಬಿಳಿ ಲೇಪ ಕಾಣುವುದು ಅದರಿಂದಲೇ.

ಮಾಡಬೇಕಾದ್ದು ಇಷ್ಟು. ಒಂದೈದು ಕಿ.ಮೀ. ಓಡಿಸಿ, ಎಣ್ಣೆ ಬೆಚ್ಚಗಿರುವಾಗ ಇಳಿಸಿ. ಫಿಲ್ಟರ್ ಬದಲಾಯಿಸಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. 15ಡಬ್ಲ್ಯೂ-50 ಎಂಎ2 ತುಂಬಿ. ಕೂಲರ್ ಮತ್ತು ಪೈಪಿನಲ್ಲಿ ಹಳೇ ಎಣ್ಣೆ ಸ್ವಲ್ಪ ಉಳಿದೇ ಇರುತ್ತದೆ, ಅದಕ್ಕೆ 500 ಕಿ.ಮೀ. ಆದಮೇಲೆ ಇನ್ನೊಂದು ಸಲ ಬದಲಾಯಿಸಿ. ಖರ್ಚು ಅನಿಸಬಹುದು, ಕ್ಲಚ್ ಪ್ಲೇಟ್ ಸೆಟ್ಟಿಗಿಂತ ಕಮ್ಮಿ. ಕೂಲರ್ ತೊಳೆಯಲು ವಾಟರ್ ಸರ್ವಿಸ್ ಗನ್ ಹಿಡಿಸಬೇಡಿ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಂಜಿನ್ ತಣ್ಣಗಾದ ಮೇಲೆ ಸೋಪು ನೀರು ಹಾಕಿ ಅರ್ಧ ತಾಸು ನೆನೆಸಿ. ಬಣ್ಣ ಹಚ್ಚುವ ಮೆತ್ತನೆ ಬ್ರಶ್ಶಿನಿಂದ ರೆಕ್ಕೆಗಳ ಉದ್ದಕ್ಕೇ ಉಜ್ಜಿ. ಆಮೇಲೆ ಹಿಂದಿನಿಂದ ಮುಂದಕ್ಕೆ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಮಣ್ಣು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ.

ಕೋಲಾರ_ಟೂರರ್:

ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ ಸರ್. ನನ್ನದು ಲಿಕ್ವಿಡ್ ಕೂಲ್ಡ್ ಗಾಡಿ. ಬೆಂಗಳೂರು ಟ್ರಾಫಿಕ್ಕಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ. ಕೂಲಂಟ್ ಕಡಿಮೆಯಾದಾಗ ಮನೆ ಬೋರ್ ನೀರು ಹಾಕಿದ್ದೆ. ತೊಂದರೆನಾ?

ಹಳೇ_ಸ್ಪ್ಯಾನರ್:

ಟ್ರಾಫಿಕ್ಕಲ್ಲಿ ಫ್ಯಾನ್ ಓಡುವುದು ತಪ್ಪಲ್ಲ, ಗಾಳಿ ಇಲ್ಲದಾಗ ಅದೇ ಅದರ ಕೆಲಸ. ಬೋರ್ ನೀರು ಮಾತ್ರ ತಪ್ಪು. ನಿಮ್ಮ ಕಡೆ ನೀರು ಗಡುಸು. ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ರೇಡಿಯೇಟರ್ ಒಳಗೂ ಹಾಗೇ ಕೂರುತ್ತದೆ. ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಕಂಪನಿ ಪುಸ್ತಕದಲ್ಲಿ ಹೇಳಿದ ಕೂಲಂಟ್ ಹಾಕಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ತಯಾರಕರು ಸೇರಿಸುವ ಬಣ್ಣ ಅಷ್ಟೇ. ಅರ್ಧ ಗ್ಲೈಕಾಲ್ (ಕೂಲಂಟಿನ ಮುಖ್ಯ ದ್ರವ), ಅರ್ಧ ನೀರು ಇದ್ದರೆ ಮುಚ್ಚಳದ ಒತ್ತಡ ಇಲ್ಲದೆಯೂ 107 ಡಿಗ್ರಿ ಹತ್ತಿರ ಕುದಿಯುತ್ತದೆ. ಒತ್ತಡ ಸೇರಿದರೆ ಇನ್ನೂ ಮೇಲೆ. ಅದಕ್ಕೇ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ದಯವಿಟ್ಟು ತೆಗೆಯಬೇಡಿ. ಮುಖ, ಕೈ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಹುಬ್ಬಳ್ಳಿ_411:

ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ. ಆಯಿಲ್ ಇಳಿಸಿದಾಗ ನೀರಿನ ಹಾಗೆ ಸುರಿಯಿತು, ಬಣ್ಣ ಕಪ್ಪು. ಏರ್ ಫಿಲ್ಟರ್ ಡಬ್ಬದ ತಳದಲ್ಲಿ ಎರಡು ಚಮಚದಷ್ಟು ಎಣ್ಣೆ ನಿಂತಿತ್ತು. ಕೂಲರ್ ನೆನೆಸಿ ಉಜ್ಜಿದಾಗ ಮೊದಲು ಕೆಂಪು ನೀರು ಬಂತು, ಆಮೇಲೆ ಮಣ್ಣು ಹಪ್ಪಳದ ಚೂರಿನ ಹಾಗೆ ಉದುರಿತು. ಅದರಲ್ಲಿ ಹುಳಗಳ ರೆಕ್ಕೆ, ಒಣ ಹುಲ್ಲಿನ ಕಡ್ಡಿ. ಈಗ ಟಾರ್ಚ್ ಹಿಡಿದರೆ ಆಚೆ ಕಡೆ ಗೋಡೆ ಮೇಲೆ ಗೆರೆ ಗೆರೆಯಾಗಿ ಬೆಳಕು ಬೀಳುತ್ತದೆ. ಜಾಲರಿ, ಹಾರ್ನ್ ಎರಡೂ ತೆಗೆದಿದ್ದೇನೆ.

ನಿನ್ನೆ ಮಧ್ಯಾಹ್ನ ಹೆಂಡತಿ ಜೊತೆ ಗದಗ ತನಕ ಹೋಗಿ ಬಂದೆ. ನ್ಯೂಟ್ರಲ್ ಒಂದೇ ಸಲಕ್ಕೆ ಸಿಗುತ್ತದೆ. ಗೇರ್ ತಪ್ಪಲಿಲ್ಲ. ಆದರೆ 5ನೇ ಗೇರಿನಲ್ಲಿ ಜೋರಾಗಿ ತಿರುಗಿಸಿದರೆ ಒಮ್ಮೊಮ್ಮೆ ಸ್ವಲ್ಪ ಜಾರಿದ ಹಾಗೆ ಅನಿಸುತ್ತದೆ. ದೊಡ್ಡ ಕೂಲರ್ ಬೇಕಾ ಇಲ್ಲವಾ ಅಂತ ಅಳೆದು ನೋಡಲು ಆಗುತ್ತಾ?

ಹಳೇ_ಸ್ಪ್ಯಾನರ್:

ತುಂಬಾ ಖುಷಿಯಾಯಿತು. ಸ್ಲಿಪ್‌ಗೆ ಮೊದಲು ಕ್ಲಚ್ ಕೇಬಲ್ ನೋಡಿ. ಲಿವರಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು, ಬಿಗಿ ಇದ್ದರೆ ಪ್ಲೇಟ್ ಪೂರ್ತಿ ಒತ್ತುವುದಿಲ್ಲ. ಅದು ಸರಿ ಇದ್ದರೆ ಎರಡನೇ ಸಲ ಆಯಿಲ್ ಬದಲಾಯಿಸಿ, ಇನ್ನೊಂದು 300 ಕಿ.ಮೀ. ಓಡಿಸಿ. ಆಗಲೂ ಜಾರಿದರೆ ಪ್ಲೇಟ್ ಸುಟ್ಟಿವೆ ಅಂತ ಅರ್ಥ. ಲಡಾಖಿಗೆ ಮೊದಲೇ ಇಲ್ಲೇ ಹಾಕಿಸಿ, ಅಲ್ಲಿ ಹೋಗಿ ಹುಡುಕುವುದು ಬೇಡ.

ಅಳೆಯಬಹುದು. ಗನ್ ಥರದ ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಆದರೆ ಹೊಳೆಯುವ ಅಲ್ಯೂಮಿನಿಯಂಗೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಎಂಜಿನ್ ಕೆಳಭಾಗದಲ್ಲಿ, ಡ್ರೈನ್ ಬೋಲ್ಟ್ ಹತ್ತಿರ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದಕ್ಕೆ ಹಿಡಿಯಿರಿ. ಬಿಸಿಲಲ್ಲಿ ಒಂದು ತಾಸು ಓಡಿಸಿ ನಿಲ್ಲಿಸಿದ ಕೂಡಲೇ ನೋಡಿ. 90ರಿಂದ 120 ಒಳಗಿದ್ದರೆ ನಿಶ್ಚಿಂತೆಯಿಂದ ಹೋಗಿ. ಪ್ರತಿ ಸಲ 130 ದಾಟುತ್ತಿದ್ದರೆ ಆಗ ದೊಡ್ಡ ಕೂಲರ್ ಮಾತಾಡೋಣ. ಅದಕ್ಕೂ ಮೊದಲು ಟ್ಯಾಪೆಟ್ ಸೆಟ್ಟಿಂಗ್ (ಎಂಜಿನ್ ವಾಲ್ವ್‌ಗಳ ಸಂದಿನ ಅಳತೆ), ಚೈನ್ ಬಿಗಿ, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಿಸಿ.

ಹುಬ್ಬಳ್ಳಿ_411:

ಕೇಬಲ್ ಬಿಗಿ ಇತ್ತು ಅಣ್ಣ, ಸಡಿಲವೇ ಇರಲಿಲ್ಲ. ಸರಿ ಮಾಡಿದ ಮೇಲೆ ಜಾರುವುದು ನಿಂತಿದೆ. ಇವತ್ತು ಬಿಸಿಲಲ್ಲಿ ಒಂದು ತಾಸು ಓಡಿಸಿ ಟೇಪ್ ಮೇಲೆ ಹಿಡಿದೆ, 108 ಬಂತು. ಕೂಲರ್ ಆಸೆ ಬಿಟ್ಟೆ. ಹಾರ್ನ್ ಮಾತ್ರ ಬೇಕೇ ಬೇಕು, ಘಾಟಿಯಲ್ಲಿ ಲಾರಿಯವರಿಗೆ ಕೇಳಿಸಬೇಕಲ್ಲ. ಎಲ್ಲಿ ಹಾಕಲಿ?

ಹಳೇ_ಸ್ಪ್ಯಾನರ್:

ಕ್ರ್ಯಾಶ್ ಗಾರ್ಡಿನ ಕೆಳಗಿನ ಕೊಳವೆಗೆ, ಒಂದೊಂದು ಬದಿಗೆ ಒಂದೊಂದು. ಬಾಯಿ ಕೆಳಮುಖ ಇರಲಿ, ಮಳೆ ನೀರು ನಿಲ್ಲಬಾರದು. ವೈರ್ ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಕಟ್ಟಿ, ರಿಲೇ ಸೀಟಿನ ಕೆಳಗಿಡಿ. ಹಾಕಿದ ಮೇಲೆ ಮುಂದೆ ಕೂತು ನೋಡಿ, ಕೂಲರ್ ಪೂರ್ತಿ ಕಾಣಬೇಕು.