ಲಗ್ನಪತ್ರಿಕೆ: ಗ್ರೇಟ್ ವೈಬ್ಸ್ ಫಾಂಟ್ ಕರ್ವ್ ಮಾಡಿದ ಕೂಡಲೇ ಅಕ್ಷರ ಕೂಡುವಲ್ಲಿ ಬಿಳಿ ಚುಕ್ಕೆ

ಹುಬ್ಬಳ್ಳಿ ಡಿಟಿಪಿ:
ನಮಸ್ಕಾರ ರೀ. ಲಗ್ನಪತ್ರಿಕೆ ಮಾಡ್ತಾ ಇದ್ದೇನೆ. ಒಳಗಿನ ಮಜಕೂರು ನುಡಿ ಫಾಂಟ್‌ನಲ್ಲಿದೆ, ಅದರಲ್ಲಿ ತೊಂದರೆ ಇಲ್ಲ. ವಧು-ವರರ ಹೆಸರು ಮಾತ್ರ ಇಂಗ್ಲಿಷ್‌ನಲ್ಲಿ ಬೇಕಂತೆ, ಅದಕ್ಕೆ ಗ್ರೇಟ್ ವೈಬ್ಸ್ ಅನ್ನುವ ಕೈಬರಹದಂಥ ಸ್ಕ್ರಿಪ್ಟ್ ಫಾಂಟ್ ಹಾಕಿದ್ದೇನೆ. ಗೋಲ್ಡ್ ಫಾಯಿಲ್ ಇದೆ, ಅದನ್ನು ಒತ್ತುವ ಡೈ (ಅಚ್ಚು) ಮಾಡುವವರು ಕರ್ವ್ ಫೈಲ್, ಅಂದರೆ ಅಕ್ಷರಗಳನ್ನು ಬರೀ ಆಕಾರವಾಗಿಸಿದ ಫೈಲ್, ಕೇಳಿದ್ದಾರೆ. ಕೋರಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಕರ್ವ್ ಮಾಡಲು ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಕೂಡುವ ಕಡೆಯೆಲ್ಲ ಬಿಳಿ ಚುಕ್ಕೆ. ಬ್ರೇಕ್ ಅಪಾರ್ಟ್ ಮಾಡಿ (ತುಂಡು ಬಿಡಿಸಿ) ವೆಲ್ಡ್ ಮಾಡಿದರೆ (ಒಂದಾಗಿ ಬೆಸೆದರೆ) ಚುಕ್ಕೆ ಹೋಗುತ್ತದೆ, ಆದರೆ ಇಂಗ್ಲಿಷ್ ಎ, ಇ, ಓ ಅಕ್ಷರಗಳ ಹೊಟ್ಟೆಯೂ (ಒಳಗಿನ ಖಾಲಿ ಜಾಗ) ತುಂಬಿಹೋಗುತ್ತದೆ. ಫಾಂಟೇ ಸರಿ ಇಲ್ವಾ?

ಗದಗ ಪ್ರೆಸ್:
ಫಾಂಟ್ ಸರಿಯಾಗೇ ಇದೆ ಸರ್. ಸ್ಕ್ರಿಪ್ಟ್ ಫಾಂಟ್‌ನಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತದೆ, ಹಂಗಾಗಿ ಕೂಡಿದಂತೆ ಕಾಣುತ್ತದೆ. ಕಂಟ್ರೋಲ್ ಕ್ಯೂ ಒತ್ತಿದಾಗ ಇಡೀ ಹೆಸರು ಒಂದೇ ಕರ್ವ್ ಆಗುತ್ತದೆ, ಒಂದೇ ಕರ್ವ್‌ನಲ್ಲಿ ಎರಡು ಆಕಾರ ಒಂದರ ಮೇಲೊಂದು ಬಂದ ಜಾಗವನ್ನು ಕೋರಲ್ ಖಾಲಿ ಅಂತ ಲೆಕ್ಕ ಹಾಕುತ್ತದೆ. ಓ ಅಕ್ಷರದ ಹೊಟ್ಟೆ ಖಾಲಿ ಇರುವುದೂ ಇದೇ ಲೆಕ್ಕದಿಂದಲೇ. ಆಮೇಲೆ ಬ್ರೇಕ್ ಮಾಡಿದರೆ ಹೊಟ್ಟೆಯೂ ಬೇರೆ ತುಂಡಾಗಿ, ವೆಲ್ಡ್‌ನಲ್ಲಿ ಮುಚ್ಚಿಹೋಗುತ್ತದೆ.

ಕ್ರಮ ತಿರುಗಿಸಿ ನೋಡಿ. ಮೊದಲು ಟೆಕ್ಸ್ಟ್‌ನ ಒಂದು ಕಾಪಿ ಪಕ್ಕಕ್ಕಿಡಿ, ಗಂಡಿನ ಕಡೆಯವರು ಕೊನೆಗೆ ಸ್ಪೆಲ್ಲಿಂಗ್ ಬದಲಿಸದೇ ಇರುವುದಿಲ್ಲ. ಕರ್ವ್ ಮಾಡಬೇಡಿ. ಆರ್ಟಿಸ್ಟಿಕ್ ಟೆಕ್ಸ್ಟ್ (ಇನ್ನೂ ತಿದ್ದಬಹುದಾದ ಟೆಕ್ಸ್ಟ್) ಇರುವಾಗಲೇ ಕಂಟ್ರೋಲ್ ಕೆ, ಅಂದರೆ ಬ್ರೇಕ್ ಅಪಾರ್ಟ್, ಒತ್ತುತ್ತಾ ಹೋಗಿ, ಬಿಡಿ ಬಿಡಿ ಅಕ್ಷರ ಆಗುವವರೆಗೆ. ಎಲ್ಲ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ. ಹೊಟ್ಟೆ ಹಾಗೇ ಉಳಿಯುತ್ತದೆ. ಆಮೇಲೆ ವೈರ್‌ಫ್ರೇಮ್‌ನಲ್ಲಿ (ಬರೀ ಹೊರಗೆರೆ ಕಾಣುವ ನೋಟ) ನೋಡಿ, ಕೂಡುವ ಜಾಗದಲ್ಲಿ ಒಳಗೆ ಒಂದೂ ಗೆರೆ ಇರಬಾರದು.

ಹುಬ್ಬಳ್ಳಿ ಡಿಟಿಪಿ:
ಆಯ್ತು ರೀ, ಚುಕ್ಕೆ ಹೋಯ್ತು, ಹೊಟ್ಟೆಯೂ ಉಳೀತು! ಆದರೆ ಎರಡು ಅಕ್ಷರದ ನಡುವೆ ಕೂದಲೆಳೆಯಷ್ಟು ಸಂದಿ ಇದೆ.

ಗದಗ ಪ್ರೆಸ್:
ಕ್ಯಾರೆಕ್ಟರ್ ಸ್ಪೇಸಿಂಗ್ ಏನಾದರೂ ಹೆಚ್ಚು ಕೊಟ್ಟಿದ್ದೀರಾ? ಪಕ್ಕಕ್ಕಿಟ್ಟ ಕಾಪಿಯಲ್ಲಿ ಅದನ್ನು ಸೊನ್ನೆ ಮಾಡಿ, ಫುಲ್ ಜಸ್ಟಿಫೈ (ಸಾಲನ್ನು ಎರಡೂ ಅಂಚಿಗೆ ಹಿಗ್ಗಿಸುವುದು) ಇದ್ದರೆ ತೆಗೆದುಹಾಕಿ, ಮತ್ತೆ ಮೊದಲಿಂದ ಮಾಡಿ. ಈ ಜಾತಿಯ ಫಾಂಟ್‌ಗೆ ಸ್ಪೇಸಿಂಗ್ ಕೊಡಲೇಬಾರದು. ಹೆಸರು ಅಗಲ ಬೇಕಂದ್ರೆ ಸೈಜ್ ಜಾಸ್ತಿ ಮಾಡಿ. ಪೂರ್ತಿ ಕ್ಯಾಪಿಟಲ್ ಅಂತೂ ಬೇಡವೇ ಬೇಡ, ಸುರುಳಿಗೆ ಸುರುಳಿ ಸಿಕ್ಕಿ ಹೆಸರೇ ಓದಲು ಬರುವುದಿಲ್ಲ.

ಧಾರವಾಡ ಓದುಗ:
ನಡುವೆ ಒಂದು ಮಾತು. ಇವು ಮೊನೆ ನಿಬ್ಬಿನ ಬರವಣಿಗೆಯ ಮಾದರಿ. ಕೆಳಗೆ ಎಳೆಯುವಾಗ ಒತ್ತಿದರೆ ನಿಬ್ಬು ಬಿರಿದು ಗೆರೆ ದಪ್ಪ, ಮೇಲೆ ಹೋಗುವಾಗ ತೆಳು. ಅಕ್ಷರ ಕೂಡುವುದು ಆ ತೆಳು ಗೆರೆಯಲ್ಲೇ. ಫಾಯಿಲ್ ಮೊದಲು ಕೈಕೊಡುವುದೂ ಅಲ್ಲೇ ಅಲ್ವಾ?

ಗದಗ ಪ್ರೆಸ್:
ಹೌದು ಸರ್, ಅದಕ್ಕೇ ಹೆಸರು ದೊಡ್ಡದಿರಲಿ ಅನ್ನುವುದು. ಟೆಕ್ಸ್ಚರ್ ಕಾಗದವಾದರೆ ಇನ್ನೂ ಹುಷಾರಾಗಿರಬೇಕು, ತಗ್ಗಿನಲ್ಲಿ ಫಾಯಿಲ್ ಹಿಡಿಯುವುದಿಲ್ಲ. ಡೈಗೆ ಕೊಡುವ ಮೊದಲು ನಿಜವಾದ ಸೈಜಿನಲ್ಲೇ ಒಂದು ಪ್ರಿಂಟ್ ತೆಗೆದು ಡೈ ಮಾಡುವವರಿಗೆ ತೋರಿಸಿ. ಗೆರೆ ನಿಲ್ಲುತ್ತದೋ ಇಲ್ಲವೋ ಅವರೇ ಹೇಳುತ್ತಾರೆ.